ನಾನು ಕಂಬಕ್ಕೆ ಕಟ್ಟಿದ ಮನುಷ್ಯ

ಅಗ್ನಿಶಾಮಕ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆ ಕಟ್ಟೆಗೆ ಬಂದು ಕೂರುತ್ತಾರೆ. ಚಹಾ ಮುಗಿಯುವ ತನಕ ಹಗ್ಗ, ಗಂಟು, ಕೊಂಡಿ ಎಂದು ಏನೇನೋ ಕೇಳುತ್ತಾರೆ. ಕಪ್ಪು-ಬಸಿ ಕೆಳಗಿಟ್ಟ ಮೇಲೆ ಒಬ್ಬ ಗಂಟಲು ಸರಿಮಾಡಿಕೊಂಡು ಅಸಲು ಮಾತಿಗೆ ಬರುತ್ತಾನೆ: “ಕಾಕಾರ, ಸಿಟ್ಟಿಗೇಳಬ್ಯಾಡ್ರಿ. ನೀವು ಒಬ್ಬ ಮನಶ್ಯಾನ್ನ ಕಂಬಕ್ಕ ಕಟ್ಟಿ ಹಾಕಿದ್ರಂತಲ್ರಿ, ಖರೇ ಏನ್ರಿ?”

ಖರೆ. ಹಾಡುಹಗಲು, ಊರ ಜನರೆದುರು, ಸರಕಾರದ ಹಗ್ಗದಿಂದ ಕಟ್ಟಿದೆ. ಅವನ ಅಣ್ಣ ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ನೆಲದೊಳಗೆ ಬಿದ್ದಿದ್ದ. ಅಣ್ಣನನ್ನು ಎತ್ತಲು ಹೊರಟ ತಮ್ಮನನ್ನು ನಾನು ಕಟ್ಟಿದೆ. ಇದಕ್ಕಾಗಿ ನನ್ನ ಸೇವಾ ಪುಸ್ತಕದಲ್ಲಿ ಒಂದು ಕೆಟ್ಟ ಸಾಲು ಇದೆ. ‘ವಿಷಾದಿಸುತ್ತೇನೆ’ ಎಂದು ಬರೆದುಕೊಟ್ಟಿದ್ದರೆ ಅದು ಇರುತ್ತಿರಲಿಲ್ಲ. ನಾನು ಬರೆದುಕೊಡಲಿಲ್ಲ. ಯಾಕೆಂಬುದು ಈ ಕೆಲಸಕ್ಕೆ ಕಾಲಿಡುವವರಿಗೆ ಗೊತ್ತಿರಬೇಕು. ಅದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ನವಲಗುಂದ ತಾಲೂಕಿನ ಒಕ್ಕಲುತನದ ಮನೆಯವನು. ಹಗ್ಗವನ್ನು ಇಲಾಖೆ ನನಗೆ ಪರಿಚಯ ಮಾಡಿಸಬೇಕಾಗಿರಲಿಲ್ಲ. ನಮ್ಮ ಮುತ್ಯಾ, ಎಂದರೆ ಅಜ್ಜ, ಪುಂಡಿ ನಾರಿನಲ್ಲಿ ಹಗ್ಗ ಹೊಸೆಯುವಾಗ ಒಂದು ತುದಿ ಹಿಡಿದು ಹಿಂದೆ ಹಿಂದೆ ಸರಿಯುತ್ತ ಹೋಗುವುದು ನನ್ನ ಪಾಲಿನ ಕೆಲಸ. “ಹಗ್ಗ ಸುಳ್ಳ ಹೇಳಂಗಿಲ್ಲಲೇ, ಹೊಸ್ಯಾಂವ ಹೇಳ್ತಾನ” ಎನ್ನುತ್ತಿದ್ದ ಮುತ್ಯಾ. ಹೀಗಾಗಿ ನೌಕರಿಗೆ ಸೇರಿದಾಗ ತಲೆಯಲ್ಲಿ ಸ್ವಲ್ಪ ಗಾಳಿ ಇತ್ತು. ಗಂಟು ಹಾಕುವುದನ್ನು ನನಗೇನು ಕಲಿಸುತ್ತಾರೆ ಎಂದುಕೊಂಡಿದ್ದೆ.

ಆ ಗಾಳಿ ಕುಂದಗೋಳ ಕಡೆಯ ಒಂದು ಹಾಳುಬಾವಿಯಲ್ಲಿ ಇಳಿಯಿತು. ನೀರಿಲ್ಲದ, ಮೂವತ್ತು ಅಡಿ ಆಳದ ಬಾವಿ. ಕುರಿ ಕಾಯುವ ನಿಂಗಪ್ಪ ಎಂಬಾತ ಮರಿಯ ಬೆನ್ನು ಹತ್ತಿ ಹೋಗಿ ಬಿದ್ದು ಕಾಲು ಮುರಿದುಕೊಂಡಿದ್ದ. ನಾನು ಇಳಿದೆ. ಅವನ ಎದೆಗೆ ಹಗ್ಗ ಸುತ್ತಿ, ಮನೆಯ ರೂಢಿಯಂತೆ ಜೀರುಗುಣಿಕೆ ಹಾಕಿದೆ. ಹೋರಿ ಕಟ್ಟಲು ಅದಕ್ಕಿಂತ ಒಳ್ಳೆಯ ಗಂಟಿಲ್ಲ, ಎಳೆದಷ್ಟೂ ಬಿಗಿಯುತ್ತದೆ. ಮೇಲಿನವರು ಎಳೆದರು, ಅದು ಬಿಗಿಯಿತು. ಅರ್ಧ ದಾರಿಗೆ ನಿಂಗಪ್ಪನ ನರಳಾಟವೇ ನಿಂತುಹೋಯಿತು. ನಾನು ಕೆಳಗಿನಿಂದ “ಸುಮ್ಮಾದಾ, ಆರಾಮ ಆಗ್ಯಾನ” ಎಂದು ಕೂಗಿದೆ! ಮೇಲಿದ್ದ ನಮ್ಮ ತರಬೇತಿಯ ಗುರು ನದಾಫ ಉಸ್ತಾದರು ಬಗ್ಗಿ ಅವನ ಮುಖ ನೋಡಿದವರೇ ಒದರಿದರು: “ಇಳಸ್ರಲೇ ಕೆಳಗ! ಆರಾಮ ಅಲ್ಲ, ಉರಲ ಹಾಕ್ಯಾನ ಮಗಾ!”

ಇಳಿಸಿ, ಗಂಟು ಬದಲಿಸಿ, ಮತ್ತೆ ಎತ್ತಿದೆವು. ನಿಂಗಪ್ಪ ಬದುಕಿದ. ಮರುದಿನ ಬಾಳೆಹಣ್ಣು ಹಿಡಿದುಕೊಂಡು ದವಾಖಾನೆಗೆ ಹೋಗಿ ಅವನ ಮುಂದೆ ಕೈಮುಗಿದು ನಿಂತೆ.

“ತಪ್ಪಾತು ಯಣ್ಣಾ,” ಎಂದೆ.

“ಬಿದ್ದಾಗ ಕಾಲೊಂದ ಮುರದಿತ್ತು,” ಎಂದ ಆತ, ಎದೆ ಹಿಡಿದುಕೊಂಡು. “ನೀ ಉಳಿಸಿದ ಮ್ಯಾಲ ಎರಡ ಎಲುವು ಮುರದ್ವು. ಇನ್ನೊಮ್ಮೆ ಬಿದ್ರ ನನ್ನ ಪಾಡಿಗೆ ನನ್ನ ಬಿಡಪಾ ಮಾರಾಯಾ. ಹಣ್ಣ ಇಲ್ಲೆ ಇಡು.”

ಈ ಕಥೆಯನ್ನು ಯಾಕೆ ಹೇಳಿದೆನೆಂದರೆ, ನನಗೆ ತಪ್ಪೊಪ್ಪಿಕೊಳ್ಳಲು ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ತಪ್ಪು ಮಾಡಿದಲ್ಲಿ ಕುರಿ ಕಾಯುವವನ ಕಾಲಬುಡದಲ್ಲೂ ನಿಂತಿದ್ದೇನೆ.

ಉಸ್ತಾದರು ನನಗೆ ಕೊಟ್ಟ ಶಿಕ್ಷೆ ಬೇರೆ. ಬೋಲೈನ್ ಎಂಬ ಗಂಟು ಎಳೆದರೂ ಬಿಗಿಯುವುದಿಲ್ಲ, ಕುಣಿಕೆ ಹಾಕಿದಷ್ಟೇ ಇರುತ್ತದೆ. ಮನುಷ್ಯನ ಎದೆಗೆ ಹಾಕಬೇಕಾದದ್ದು ಅದು. ಎರಡೂ ಕೈಗೆ ಸಾಬೂನು ಹಚ್ಚಿ, ಕಣ್ಣಿಗೆ ಅರಿವೆ ಕಟ್ಟಿ, ಬೆನ್ನ ಹಿಂದೆ ಆ ಗಂಟು ಹಾಕಿಸಿದರು. ಒಂದು ದಿನವಲ್ಲ, ಒಂದು ತಿಂಗಳು. ನನ್ನ ಹೆಂಡತಿ, “ನಿದ್ದಿಯಾಗ ನನ್ನ ಸೆರಗಿಗೆ ಗಂಟ ಹಾಕಾಕತ್ತೀರಲ್ರಿ” ಎಂದು ಬೈದಳು. ಉಸ್ತಾದರ ಇನ್ನೊಂದು ಪಾಠಕ್ಕೆ ಹಗ್ಗ ಬೇಕಾಗಿರಲಿಲ್ಲ. ದಿನಾ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿ ಹೇಳುತ್ತಿದ್ದರು: “ಒಳಗ ಒಬ್ಬ ಇದ್ರ ಒಬ್ಬನ್ನ ತಗೀರಿ. ಇಬ್ಬರನ್ನ ಮಾಡಿ ತಗೀಬ್ಯಾಡ್ರಿ.”

ಆಗ ನಮ್ಮಲ್ಲಿದ್ದದ್ದು ರಟ್ಟೆ ಗಾತ್ರದ ನಾರಿನ ಹಗ್ಗ. ನೆನೆದರೆ ಎರಡಾಳಿನ ಭಾರ, ಒಣಗಿಸದಿದ್ದರೆ ಒಳಗೊಳಗೇ ಕೊಳೆಯುತ್ತಿತ್ತು. ಆಮೇಲೆ ನೈಲಾನು ಬಂತು. ಈಗ, ಹುಡುಗರೇ, ನಿಮ್ಮ ಕೈಯಲ್ಲಿರುವುದು ಮೇಲೊಂದು ಸಿಪ್ಪೆ, ಒಳಗೆ ತಿರುಳು ಇರುವ ಹಗ್ಗ. ಜೊತೆಗೆ ತೊಡೆಗೂ ಸೊಂಟಕ್ಕೂ ಹಾಕುವ ಪಟ್ಟಿ, ಉಕ್ಕಿನ ಕೊಂಡಿ, ಮೂರು ಕಾಲಿನ ಟ್ರೈಪಾಡು. ಬಹಳ ಚಲೋ ಸಾಮಾನು. ಆದರೆ ಸಿಪ್ಪೆ ಚೆಂದ ಇದ್ದು ತಿರುಳು ಹರಿದ ಹಗ್ಗ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ದಿನಾ ಅಂಗುಲ ಅಂಗುಲ ಬೆರಳಲ್ಲಿ ಹಿಸುಕಿ ನೋಡಬೇಕು.

ಅದರ ಮೇಲೆ ಒಂದು ಜಗಳ ನೆನಪಾಗುತ್ತದೆ. ನಮ್ಮ ಸಾಹೇಬರೊಬ್ಬರ ಜೀಪು ಮಳೆಗಾಲದಲ್ಲಿ ಯಮನೂರಿನ ದಾರಿಯ ಎರೆಮಣ್ಣಿನಲ್ಲಿ ಹೂತುಹೋಯಿತು. ಅವರು ಜೀವರಕ್ಷಣೆಯ ಹಗ್ಗವನ್ನು ತರಿಸಿ, ಟ್ರ್ಯಾಕ್ಟರಿಗೆ ಕಟ್ಟಿ ಜೀಪು ಎಳೆಸಿದರು. ಸಂಜೆ ಅದನ್ನು ತೊಳೆದು ಒಣಗಿಸಿ ಮತ್ತೆ ಅದೇ ಗೂಟಕ್ಕೆ ನೇತುಹಾಕಿಸಿದರು. ನಾನು ಬೆರಳಾಡಿಸಿ ನೋಡಿದೆ. ನಡುವೆ ಒಂದು ಕಡೆ ಮೆತ್ತಗೆ, ಬೆಂದ ಶಾವಿಗೆಯ ಹಾಗೆ. ಕೊಡಲಿ ತಂದು ಅವರ ಕೋಣೆಯ ಮುಂದೆಯೇ ಆರು ತುಂಡು ಮಾಡಿದೆ.

“ಏನ್ ಮಾಡಾಕತ್ತಿಲೇ? ಸರಕಾರದ ಮಾಲು ಅದು!” ಎಂದು ಹೊರಗೆ ಬಂದರು.

“ಹೌದ್ರಿ. ಇನ್ನ ಇದು ಎಮ್ಮಿ ಕಟ್ಟಾಕ ಚಲೋರಿ. ಮನಶ್ಯಾನ್ನ ಇಳಸಾಕಲ್ಲ.”

“ಯಾರ ಹೇಳಿದ್ರು ನಿನಗ?”

“ಹಗ್ಗನ ಹೇಳೇತ್ರಿ. ಬೇಕಾದ್ರ ತಾವ ಇದಕ್ಕ ಜೋತುಬಿದ್ದು ನೋಡ್ರಿ, ಮ್ಯಾಲ ನಾ ಹಿಡಕೊಂತೀನಿ.”

ಮೆಮೊ ಬಂತು. ಒಂದು ತುಂಡನ್ನು ನಿಜಕ್ಕೂ ಮನೆಗೆ ಒಯ್ದು ಎಮ್ಮೆ ಕಟ್ಟಿದೆ. ಬೇಸಿಗೆ ಬರುವುದರೊಳಗೇ ಎಮ್ಮೆ ಅದನ್ನು ಕಿತ್ತುಕೊಂಡು ಹೋಯಿತು.

ಇನ್ನು ಕಂಬದ ಕಥೆ.

ಅಣ್ಣಿಗೇರಿ ಕಡೆಯ ಒಂದು ಹಳ್ಳಿ. ಹೆಸರು ಬೇಡ. ಮಲ್ಲಪ್ಪ, ಈರಪ್ಪ ಎಂಬ ಅಣ್ಣತಮ್ಮಂದಿರ ಮನೆ. ಮನೆಯ ಮುಂದೆ ಒಂದು ಹಗೇವು ಇತ್ತು. ನಿಮ್ಮಲ್ಲಿ ಅನೇಕರು ಹಗೇವು ನೋಡಿರಲಿಕ್ಕಿಲ್ಲ. ಜೋಳ ಕಾಪಿಡಲು ಹಿರಿಯರು ನೆಲದೊಳಗೆ ತೋಡಿದ ಕಣಜ ಅದು. ಕೊಡದ ಆಕಾರ: ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಒಳಗೆ ಹೊಟ್ಟೆ ದೊಡ್ಡದು, ಆಳ ಎರಡಾಳಿನದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಆದರೆ ಆ ಮುಚ್ಚಿದ ಹೊಟ್ಟೆಯೊಳಗೆ ಗಾಳಿ ಸಾಯುತ್ತದೆ. ಹಿರಿಯರಿಗೆ ಇದು ಗೊತ್ತಿತ್ತು. ಬಾಯಿ ತೆರೆದು ಒಂದು ದಿನ ಬಿಡುತ್ತಿದ್ದರು. ಬೇವಿನ ಸೊಪ್ಪು ಕಟ್ಟಿ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ ಗಾಳಿ ಕಲಕುತ್ತಿದ್ದರು. ಕಡೆಗೆ ಉರಿಯುವ ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಓಣಿಗೆ ಸಿಮೆಂಟು ರಸ್ತೆ ಬರುವುದಿತ್ತು. ಅದಕ್ಕಿಂತ ಮೊದಲು ಹಗೇವು ತೆರೆದು ನೋಡಿ, ಮಣ್ಣು ತುಂಬಿ ಮುಚ್ಚೋಣ ಎಂದು ಅಣ್ಣತಮ್ಮಂದಿರು ಕಲ್ಲು ಎತ್ತಿಸಿದರು. ಮಲ್ಲಪ್ಪ ತಿಳಿಗೇಡಿಯಲ್ಲ. ದೀಪ ಇಳಿಸಬೇಕೆಂಬುದು ಅವನಿಗೆ ನೆನಪಿತ್ತು. ಮನೆಯಲ್ಲಿ ಕಂದೀಲು ಇರಲಿಲ್ಲ, ಯಾರ ಮನೆಯಲ್ಲಿದೆ ಈಗ? ಚಾರ್ಜಿಂಗ್ ಬಲ್ಬನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಅದು ತಳ ಮುಟ್ಟಿ ಝಗಝಗ ಬೆಳಗಿತು. “ದೀಪ ಆರಲಿಲ್ಲ, ಗಾಳಿ ಚಲೋ ಐತಿ” ಎಂದು ನಿಚ್ಚಣಿಕೆ ಇಟ್ಟು ಇಳಿದ. ಬ್ಯಾಟರಿಯ ದೀಪಕ್ಕೆ ಉಸಿರು ಬೇಕಾಗುವುದಿಲ್ಲ ಎಂಬುದು ಅಲ್ಲಿ ನಿಂತವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬಯ್ಯಬೇಡಿ ಅವರನ್ನು. ಹಿರಿಯರ ಮಾತು ಕೇಳಿದವರೇ ಅವರು. ದೀಪ ಇಳಿಸಬೇಕೆಂಬುದು ಉಳಿದಿತ್ತು, ಯಾಕೆ ಇಳಿಸಬೇಕೆಂಬುದು ಹೋಗಿತ್ತು.

ಮಲ್ಲಪ್ಪ ತಳ ಮುಟ್ಟಿ, ಬಗ್ಗಿ, ಹಾಗೇ ಕುಸಿದ.

ನಮಗೆ ಫೋನು ಬಂದು ನಾವು ಮುಟ್ಟುವ ಹೊತ್ತಿಗೆ ಅರ್ಧ ತಾಸಿನ ಮೇಲಾಗಿತ್ತು. ಆ ದಿನ ವಾಹನದ ಮೇಲೆ ನಾನೇ ಹಿರಿಯ. ಜೊತೆಗೆ ಚಾಲಕ ಚನ್ನಬಸು, ಮತ್ತೆ ಮೆಹಬೂಬ. ಠಾಣೆಯಲ್ಲೇ ತೆಳ್ಳಗಿನವ, ‘ಇಂವ ಸಲಾಕಿಯಂಗ ಅದಾನ’ ಎಂದು ನಾವು ಚೇಷ್ಟೆ ಮಾಡುತ್ತಿದ್ದವ. ಓಣಿ ತುಂಬ ಜನ. ಈರಪ್ಪ ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಹಗೇವಿನ ಬಾಯಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ. ಅವನನ್ನು ತಡೆದು ನಿಲ್ಲಿಸಿದ್ದು ಅವನ ವೈನಿ, ಎಂದರೆ ಮಲ್ಲಪ್ಪನ ಹೆಂಡತಿ. ಅಂಗಿ ಹಿಡಿದು ಜಗ್ಗುತ್ತಿದ್ದಳು. ನಾವು ರಟ್ಟೆ ಹಿಡಿದು ಅವನನ್ನು ಹಿಂದೆಳೆದೆವು.

ಬಗ್ಗಿ ನೋಡಿದೆ. ಬಲ್ಬು ಇನ್ನೂ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮಲ್ಲಪ್ಪನ ಬೆನ್ನು ಕಾಣುತ್ತಿತ್ತು. ಅದು ಅಲುಗುತ್ತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ.

“ತಂಗೀ, ಜಗಲಿ ಮ್ಯಾಲಿಂದ ದೇವರ ಮುಂದಿನ ದೀಪ ತಾ,” ಎಂದೆ. ಆಕೆ ಓಡಿ ತಂದಳು. ಡಬ್ಬಿಯಲ್ಲಿಟ್ಟು ಇಳಿಬಿಟ್ಟೆ. ತೋಳುದ್ದ ಇಳಿಯುವಷ್ಟರಲ್ಲಿ ಉರಿ ಮಲಗಿತು, ನೀಲಿಯಾಯಿತು, ಆರಿತು. ಓಣಿಯೆಲ್ಲ ನೋಡಿತು. ಈರಪ್ಪನೂ ನೋಡಿದ.

“ನೋಡಿದೇನ? ನೀ ಇಳಿದ್ರ ನಿನಗೂ ಇದ ಗತಿ.”

“ದೀಪ ಆರಲಿ, ನಾ ಆರಲಿ, ಅಂವ ನಮ್ಮಣ್ಣ! ಬಿಡ್ರಿ ನನ್ನ!”

“ಬಿಡಂಗಿಲ್ಲ.”

“ನಿಮ್ಮಣ್ಣ ಒಳಗ ಬಿದ್ದಿದ್ರ ಹಿಂಗ ನಿಂದ್ರತಿದ್ರೇನು? ಪಗಾರ ತಿನ್ನಾಕ ಬಂದೀರಿ!” ಎಂದವನೇ ನನ್ನ ದವಡೆಗೆ ಒಂದು ಬಿಟ್ಟ. ಒಕ್ಕಲುತನದ ಕೈ. ಬಾಯಲ್ಲಿ ರಕ್ತದ ರುಚಿ ಬಂತು. ಮೂರು ಸಲ ಕಸಿದುಕೊಂಡು ಓಡಿದ, ಮೂರು ಸಲ ಹಿಡಿದೆವು. ಅವನನ್ನು ಹಿಡಿಯಲು ಇಬ್ಬರು ಬೇಕು, ಹಗೇವಿಗೆ ಇಳಿಯಲು ಇಬ್ಬರು ಬೇಕು, ನಾವಿದ್ದದ್ದೇ ಮೂವರು. ಊರವರನ್ನು ಹಿಡಿಯಲು ಕರೆದರೆ ಅವರು ಅವನ ಕಡೆಗೇ ಇದ್ದರು. “ಇಳೀಲಿ ಬಿಡ್ರಿ, ಒಡಹುಟ್ಟಿದಾಂವ” ಎನ್ನುತ್ತಿದ್ದರು. ಆಗ ಹೆಗಲ ಮೇಲಿನ ಹಗ್ಗ ತೆಗೆದು, ಕಟ್ಟೆಯ ಸಾಗುವಾನಿ ಕಂಬಕ್ಕೆ ಅವನ ಬೆನ್ನು ಹಚ್ಚಿ, ಎದೆಗೆ ಬೋಲೈನು, ಕೈಗೆ ಎರಡು ಸುತ್ತು. ಒಂದು ಎಲುಬೂ ನೋಯದಂತೆ, ಒಂದು ಬೆರಳೂ ಬಿಡಿಸಿಕೊಳ್ಳದಂತೆ. ನನ್ನ ನೌಕರಿಯಲ್ಲಿ ನಾನು ಹಾಕಿದ ಎಲ್ಲ ಗಂಟುಗಳಲ್ಲಿ ಒಳ್ಳೆಯ ಗಂಟು ಅದು. ಯಾರೋ ಅದನ್ನೂ ಮೊಬೈಲಿನಲ್ಲಿ ಹಿಡಿದರು.

ನಮ್ಮ ಹತ್ತಿರ ಬೆನ್ನಿಗೆ ಸಿಲಿಂಡರು ಹೊತ್ತು, ಮುಖಕ್ಕೆ ಮುಸುಕು ಹಾಕಿಕೊಂಡು ಉಸಿರಾಡುವ ಸಾಧನ ಇತ್ತು. ಆದರೆ ಹಗೇವಿನ ಬಾಯಿ ಸಣ್ಣದು. ಮೆಹಬೂಬನಂಥ ಸಲಾಕಿಯೂ ಸಿಲಿಂಡರು ಹೊತ್ತು ನುಸುಳುವಂತಿರಲಿಲ್ಲ. ಸಿಲಿಂಡರನ್ನು ಬೆನ್ನಿನಿಂದ ಬಿಚ್ಚಿ, ಬೇರೆ ಹಗ್ಗಕ್ಕೆ ಕಟ್ಟಿ ಅವನ ತಲೆಯ ಮೇಲೆಯೇ ಇಳಿಬಿಡಬೇಕು. ಒಂದು ಹಗ್ಗ ಅವನಿಗೆ, ಒಂದು ಸಿಲಿಂಡರಿಗೆ, ಒಂದು ಮಲ್ಲಪ್ಪನಿಗೆ. ಹೆಚ್ಚಿನ ಸಿಲಿಂಡರೊಂದರ ಬಾಯಿ ಬಿಚ್ಚಿ, ಬುಸ್ಸೆನ್ನುತ್ತಲೇ ಮಲ್ಲಪ್ಪನ ಮುಖದ ಬಳಿ ಇಳಿಸಿದೆ. ಎದುರುಮನೆಯಿಂದ ರಾಶಿ ತೂರುವ ಫ್ಯಾನು ತರಿಸಿ, ತಾಡಪತ್ರಿಯನ್ನು ಕೊಳವೆಯಂತೆ ಸುತ್ತಿ ಹೊಸ ಗಾಳಿ ತುಂಬಿಸತೊಡಗಿದೆವು. ಚನ್ನಬಸು ಟ್ರೈಪಾಡು ನಿಲ್ಲಿಸಿದ.

ಆಗ ಸಾಹೇಬರ ಫೋನು. ಜೀಪಿನ ಸಾಹೇಬರಲ್ಲ, ಅವರ ನಂತರ ಬಂದವರು.

“ಇನ್ನೂ ಒಬ್ಬನೂ ಇಳಿದಿಲ್ಲಂತ? ಮೇಲಿಂದ ಫೋನ್ ಮ್ಯಾಲ ಫೋನ್ ಬರಾಕತ್ತಾವು. ಮುಖಕ್ಕ ಹಸಿ ಅರಬಿ ಕಟ್ಟಿ ಯಾರನ್ನರ ಲಗೂನ ಇಳಸ್ರಿ.”

“ಹಸಿ ಅರಬಿ ಹೊಗಿಗೂ ಸಾಲಂಗಿಲ್ರಿ, ಇಲ್ಲಂತೂ ಗಾಳಿನ ಇಲ್ರಿ. ಮುಸುಕು ಹಾಕಿ ಇಳಸ್ತೀನ್ರಿ.”

“ಇದು ಆರ್ಡರ್ ಅದ.”

“ಆರ್ಡರಿಗೆ ಉಸಿರಾಡಾಕ ಬರಂಗಿಲ್ರಿ ಸಾಹೇಬ್ರ,” ಎಂದು ಫೋನನ್ನು ವಾಹನದೊಳಗೆ ಒಗೆದೆ.

ಮೆಹಬೂಬ ಮುಸುಕಿನೊಳಗಿಂದ ನನ್ನನ್ನು ನೋಡಿದ. ಅವನಿಗೆ ಎರಡು ಪುಟ್ಟ ಹೆಣ್ಣುಮಕ್ಕಳು. “ಅಣ್ಣಾ, ಜಗ್ಗಂದಾಗ ಜಗ್ಗರಿ,” ಎಂದಷ್ಟೇ ಹೇಳಿದ. ಹಗ್ಗವನ್ನು ಒಮ್ಮೆ ಎಳೆದರೆ ನಿಲ್ಲಿಸು, ಎರಡು ಸಲಕ್ಕೆ ಎತ್ತು, ಮೂರಕ್ಕೆ ನಾನೇ ಅಪಾಯದಲ್ಲಿದ್ದೇನೆ ಎಂದು ಅರ್ಥ. ಇಳಿದ. ನನ್ನ ಕಿವಿ ಕಂಬದ ಕಡೆ ಇತ್ತು. ಈರಪ್ಪ ಬಯ್ಯುವುದನ್ನು ಬಿಟ್ಟು “ಯಣ್ಣಾ, ಯಣ್ಣಾ” ಎಂದು ಅಳುತ್ತಿದ್ದ. ನನ್ನ ಕೈ ಹಗ್ಗದ ಕಡೆ ಇತ್ತು. ಎರಡು ಎಳೆತ ಬಂತು. ಮೊದಲು ಮಲ್ಲಪ್ಪನನ್ನು, ಆಮೇಲೆ ಮೆಹಬೂಬನನ್ನು ಎತ್ತಿದೆವು. ನಾನೇ ಮಲ್ಲಪ್ಪನ ಎದೆ ಒತ್ತಿದೆ, ಅಂಬ್ಯುಲೆನ್ಸಿನಲ್ಲೂ ಒತ್ತುತ್ತ ಹೋದೆ. ಅಣ್ಣಿಗೇರಿಯ ದವಾಖಾನೆಯಲ್ಲಿ ಡಾಕ್ಟರು ಕೈ ಹಿಡಿದು ನಿಲ್ಲಿಸಿದರು.

“ಯಾವಾಗ ಹ್ವಾದ್ರಿ?” ಎಂದೆ.

“ಅದನ್ನ ಹೇಳಾಕ ಬರೂದಿಲ್ರಿ. ನೀವು ಮುಟ್ಟೂಕಿಂತ ಮೊದಲ ಹೋಗಿರಬಹುದು. ಇಲ್ಲದಿರಬಹುದು.”

ಈ ‘ಇಲ್ಲದಿರಬಹುದು’ ಎಂಬ ಮಾತನ್ನು ನಾನು ನಿಮ್ಮಿಂದ ಮುಚ್ಚಿಡುವುದಿಲ್ಲ. ನಾವು ಓಣಿಗೆ ಬಂದದ್ದರಿಂದ ಹಿಡಿದು ಮೆಹಬೂಬ ಹಗೇವಿಗೆ ಕಾಲು ಇಳಿಬಿಟ್ಟ ತನಕ ಹನ್ನೊಂದು ನಿಮಿಷ. ಮೊಬೈಲಿನ ಚಿತ್ರ ನೋಡಿ ಅಧಿಕಾರಿಗಳೇ ಎಣಿಸಿದ್ದು.

ನೋಟಿಸು ಬಂತು. ಮೂರು ಆರೋಪ: ವಿಳಂಬ ಮಾಡಿದ್ದು, ಮೇಲಧಿಕಾರಿಯ ಆದೇಶ ಮೀರಿದ್ದು, ಇಲಾಖೆಯ ಹಗ್ಗದಿಂದ ಸಾರ್ವಜನಿಕನೊಬ್ಬನನ್ನು ಕಟ್ಟಿದ್ದು. ವಿಚಾರಣೆಯಲ್ಲಿ ಈರಪ್ಪ ನನ್ನ ವಿರುದ್ಧ ಸಾಕ್ಷಿ ಹೇಳಿದ. “ಇವರು ಕಟ್ಟದಿದ್ರ ನಮ್ಮಣ್ಣನ್ನ ನಾ ಎತ್ತತಿದ್ದೆ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಹಾಗೆಂದು ನಂಬಿದ್ದ. ಮೆಹಬೂಬ ನನ್ನ ಪರ ನಿಂತ. ವಿಚಾರಣೆಗೆ ಬಂದ ಅಧಿಕಾರಿ ಕೆಟ್ಟ ಮನುಷ್ಯರಲ್ಲ. ಊಟದ ಬಿಡುವಿನಲ್ಲಿ ನನ್ನನ್ನು ಬಾಜು ಕೂರಿಸಿಕೊಂಡು ಒಂದು ಹಾಳೆ ಮುಂದಿಟ್ಟರು.

“ಒಂದ ಸಾಲು ಬರೀರಿ ಹಿರಿಯಾರ. ‘ಆದ ವಿಳಂಬಕ್ಕೆ ವಿಷಾದಿಸುತ್ತೇನೆ.’ ಫೈಲ್ ಇಲ್ಲೇ ಮುಚ್ಚತೀನಿ. ಎರಡ ವರ್ಷ ಉಳದದ ನಿಮ್ದು. ಯಾಕ ಸುಮ್ನ?”

“ಮಲ್ಲಪ್ಪ ಹೋದದ್ದಕ್ಕ ಎಷ್ಟ ಹಾಳಿ ಬೇಕಂದ್ರೂ ಬರಿತೀನ್ರಿ. ಹನ್ನೊಂದು ನಿಮಿಷಕ್ಕ ಬರಿಯಂಗಿಲ್ರಿ.”

“ಎರಡಕ್ಕೂ ಏನ್ ಫರಕು?”

“ನಾ ಇದನ್ನ ಬರದ್ರ ನಾಳೆ ನನ್ನ ಜಾಗಾದಾಗ ಇರಾಂವ ಇದನ್ನ ನೆನಸ್ಕೊಂತಾನ್ರಿ. ಫೋನ್ ಬಂದ ಕೂಡ್ಲೆ ಮೆಹಬೂಬನಂಥಾಂವಗ ಹಸಿ ಅರಬಿ ಕಟ್ಟಿ ಇಳಸ್ತಾನ್ರಿ. ಆ ಹೆಣಕ್ಕ ಯಾರ ವಿಷಾದ ಬರೀತೀರಿ?”

ಅವರು ಹಾಳೆ ಹಿಂದೆ ತೆಗೆದುಕೊಂಡರು. ವಾಗ್ದಂಡನೆ ಎಂದು ಪುಸ್ತಕದಲ್ಲಿ ದಾಖಲಾಯಿತು. ನಿವೃತ್ತಿಯ ದಿನ ಹಾರ ಹಾಕಿದ ಸಾಹೇಬರು ಆ ವಿಷಯ ಎತ್ತಲಿಲ್ಲ. ನಾನೇ ಎತ್ತಿದೆ, ಮೈಕಿನಲ್ಲಿ.

ಹುಡುಗರೇ, ನೀವು ಈ ಕೆಲಸದಲ್ಲಿ ಬಯ್ಗುಳ ತಿನ್ನುತ್ತೀರಿ. ಪೆಟ್ಟೂ ತಿನ್ನುತ್ತೀರಿ. ಓಣಿ ನಿಮ್ಮನ್ನು ಹೇಡಿ ಎನ್ನುತ್ತದೆ. ಅನ್ನಲಿ. ದೀಪ ಇಳಿಸಿ, ಬೆಂಕಿಯ ದೀಪ. ಹಗ್ಗ ಎರಡಿರಲಿ. ಮುಸುಕು ಹಾಕದೆ ಯಾರನ್ನೂ ಇಳಿಸಬೇಡಿ, ಕೇಳಿದವರು ದೇವರೇ ಆದರೂ.

ಹೋದ ವರ್ಷ ಅಣ್ಣಿಗೇರಿಯ ಒಂದು ಕಿರಾಣಿ ಅಂಗಡಿಯಲ್ಲಿ ಈರಪ್ಪ ಎದುರಾದ. ಕೈಯಲ್ಲಿ ಮದುವೆಯ ಕಾರ್ಡುಗಳ ಗಂಟು. ಮಲ್ಲಪ್ಪನ ಮಗಳ ಮದುವೆ. ಅಂಗಡಿಯಲ್ಲಿದ್ದ ಎಲ್ಲರಿಗೂ ಕೊಟ್ಟ, ನನ್ನನ್ನು ದಾಟಿ ಹೊರಗೆ ಹೋದ. ಮೆಟ್ಟಿಲಿನಿಂದ ತಿರುಗಿ ಬಂದ.

“ನಿಮಗ ಕಾರ್ಡ ಕೊಡಂಗಿಲ್ಲ ನಾ,” ಎಂದ.

“ಬ್ಯಾಡ ಬಿಡಪಾ.”

“ನಿಮ್ಮನ್ನ ನೋಡಿದ್ರ ಈಗೂ ಎದಿ ಉರಿತೈತ್ರಿ ನನಗ. ಕೂಸಿನ ಮದವ್ಯಾಗ ಅಣ್ಣ ನಿಂದ್ರಬೇಕಿತ್ತು. ಈಗ ಅಪ್ಪನ ಜಾಗಾದಾಗ ನಾ ನಿಂದ್ರಬೇಕಾಗೇತಿ.”

ಕಣ್ಣಲ್ಲಿ ನೀರಿತ್ತು ಅವನಿಗೆ. ನನಗೂ ಇತ್ತು. ಆದರೂ ನಾನು ದನಿ ಇಳಿಸಲಿಲ್ಲ.

“ನಿಂದ್ರು ತಮ್ಮಾ,” ಎಂದೆ. “ಅದಕ್ಕ ಕಟ್ಟಿದ್ದೆ ನಿನ್ನ.”